ನಾದ ಮೊದಲು, ವಾದ್ಯ ಅನಂತರ

ಮಂಡ್ಯ, ಮದ್ದೂರು, ಮಳವಳ್ಳಿಗಳ ಪ್ರೌಢಶಾಲೆ ಕಾಲೇಜುಗಳಲ್ಲಿ ಗಿಟಾರು ಈಗ ಅಪರೂಪದ ವಸ್ತುವಲ್ಲ. ಗಣೇಶೋತ್ಸವದ ಪೆಂಡಾಲಿನಲ್ಲಿ, ಕಾಲೇಜಿನ ವಾರ್ಷಿಕೋತ್ಸವದಲ್ಲಿ, ಮದುವೆಯ ಆರತಕ್ಷತೆಯಲ್ಲಿ ವಾದ್ಯಗೋಷ್ಠಿಯೆಂದರೆ ಕೀಬೋರ್ಡು, ಡ್ರಮ್ಸುಗಳ ಪಕ್ಕದಲ್ಲಿ ಆರು ತಂತಿಯ ಗಿಟಾರೊಂದು, ನಾಲ್ಕು ತಂತಿಯ ಬೇಸ್ ಗಿಟಾರೊಂದು ಇರುವುದು ವಾಡಿಕೆಯಾಗಿದೆ. ಇವನ್ನು ಕಲಿಯಬೇಕೆಂದು ಹೊರಡುವ ತರುಣರ ಮೊದಲನೆಯ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಯಾವ ಕಂಪನಿಯ ಗಿಟಾರನ್ನು ಕೊಳ್ಳಬೇಕು?” ಪ್ರಸಿದ್ಧ ವಾದಕನೊಬ್ಬನ ನಾದ ಅವರ ಕಿವಿಯಲ್ಲಿ ನಿಂತಿರುತ್ತದೆ, ಆತನು ನುಡಿಸುವ ವಾದ್ಯವನ್ನೇ ಕೊಂಡುತಂದರೆ ಆ ನಾದವು ತಮ್ಮ ಕೈಗೂ ಬಂದೀತೆಂಬ ನಂಬಿಕೆ ಮನಸ್ಸಿನಲ್ಲಿರುತ್ತದೆ.

ಈ ಪ್ರಶ್ನೆಯ ರೂಪವೇ ಸರಿಯಾದುದಲ್ಲವೆಂಬುದು ನಮ್ಮ ಅಭಿಪ್ರಾಯ. ಅಡಿಗೆಗೆ ತೊಡಗುವವರು ಏನನ್ನು ಉಣಬೇಕೆಂದು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಪಾತ್ರೆಯನ್ನು ಹುಡುಕುತ್ತಾರೆಯೇ ಹೊರತು, ಪಾತ್ರೆಯನ್ನು ಕೊಂಡುತಂದು ಅದರಿಂದ ರುಚಿಯನ್ನು ನಿರೀಕ್ಷಿಸುವುದಿಲ್ಲ. ಅಂತೆಯೇ, ತನಗೆ ಬೇಕಾದ ನಾದ ಎಂತಹುದೆಂಬುದನ್ನು ಕಿವಿಯಲ್ಲಿ ಸ್ಥಿರಪಡಿಸಿಕೊಂಡು, ಆ ನಾದವು ವಾದ್ಯದ ಯಾವ ಅಂಗದಿಂದ ಹುಟ್ಟುವುದೆಂಬುದನ್ನು ವಿಚಾರಿಸಿ, ಹಣವನ್ನು ಆ ಅಂಗಕ್ಕೆ ವೆಚ್ಚಮಾಡುವುದು ವಿವೇಕ. ಈ ವಿಚಾರಕ್ಕೆ ಬೇಕಾದ ವಿಜ್ಞಾನದ ಬಹುಭಾಗ ನಮ್ಮ ತರಗತಿಯ ಧ್ವನಿಪಾಠದಲ್ಲಿಯೇ ಇದೆ. ಅದನ್ನು ಪರೀಕ್ಷೆಗೆಂದು ಓದಿ ಅಲ್ಲಿಗೇ ಬಿಟ್ಟು, ಅಂಗಡಿಗೆ ಹೋದಾಗ ಜಾಹೀರಾತನ್ನು ನಂಬುವುದು ವಿದ್ಯಾರ್ಥಿಗಳಿಗೆ ಒಪ್ಪುವ ನಡತೆಯಲ್ಲ.

ನಾದಗುಣವೆಂದರೇನು?

ಸಂಗೀತಸ್ವರಕ್ಕೆ ಮೂರು ಲಕ್ಷಣಗಳುಂಟು: ಸ್ಥಾಯಿ, ಗಟ್ಟಿತನ, ಗುಣ. ತಂತಿಯು ಸೆಕೆಂಡಿಗೆ ಎಷ್ಟು ಸಾರಿ ಕಂಪಿಸುವುದೆಂಬುದರಿಂದ ಸ್ಥಾಯಿಯೂ, ಎಷ್ಟು ಬಲವಾಗಿ ಕಂಪಿಸುವುದೆಂಬುದರಿಂದ ಗಟ್ಟಿತನವೂ ಏರ್ಪಡುತ್ತವೆ. ಇವೆರಡೂ ಸಮನಾಗಿದ್ದರೂ ವೀಣೆಯ ಷಡ್ಜವು ಕೊಳಲಿನ ಷಡ್ಜದಂತೆ ಕೇಳಿಸುವುದಿಲ್ಲ. ಈ ಭೇದವೇ ನಾದಗುಣ.

ಗಿಟಾರಿನ ಐದನೆಯ ತಂತಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದನ್ನು ಮೀಟಿದಾಗ ಸೆಕೆಂಡಿಗೆ ೧೧೦ ಕಂಪನಗಳ ಮೂಲಸ್ವರ ಹೊರಡುತ್ತದೆ. ಆದರೆ ಅದೊಂದೇ ಹೊರಡುವುದಿಲ್ಲ. ತಂತಿಯು ಇಡಿಯಾಗಿ ತೂಗಾಡುತ್ತಿರುವಾಗಲೇ ಎರಡು ಭಾಗವಾಗಿ, ಮೂರು ಭಾಗವಾಗಿ, ನಾಲ್ಕು ಭಾಗವಾಗಿ ಕೂಡ ಕಂಪಿಸುತ್ತಿರುತ್ತದೆ. ಆದಕಾರಣ ೨೨೦, ೩೩೦, ೪೪೦, ೫೫೦ ಕಂಪನಗಳ ಉಪಸ್ವರಗಳೂ ಜೊತೆಯಲ್ಲಿಯೇ ಹುಟ್ಟುತ್ತವೆ. ಕಿವಿಯು ಇವೆಲ್ಲವನ್ನೂ ಒಂದೇ ಸ್ವರವೆಂದು ಗ್ರಹಿಸಿದರೂ, ಯಾವ ಉಪಸ್ವರ ಎಷ್ಟು ಪ್ರಮಾಣದಲ್ಲಿದೆಯೆಂಬುದನ್ನು ಗುರುತಿಸಿ, ಇದು ಮೃದುವಾದ ನಾದ, ಇದು ಚೂಪಾದುದು, ಇದು ತುಂಬಿದುದು ಎಂದು ವಿಂಗಡಿಸುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸನು ೧೮೬೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿಸ್ತಾರವಾಗಿ ನಿರೂಪಿಸಿದನು. ವಾದ್ಯ ಮೊದಲುಗೊಂಡು ಮೀಟುವ ಕ್ರಮ ಮತ್ತು ತಕ್ಷಣದಲ್ಲಿ ನಾದ ಹುಟ್ಟಿ ಅಡಗುವ ರೀತಿ ಕೂಡ ಇದರಲ್ಲಿ ಸೇರುತ್ತವೆಂಬುದನ್ನು ಮುಂದಿನ ಸಂಶೋಧನೆಗಳು ಸೇರಿಸಿದವು.

ಆದುದರಿಂದ “ನನಗೆ ಒಳ್ಳೆಯ ಟೋನ್ ಬೇಕು” ಎಂಬ ಮಾತಿಗೆ ವಿಜ್ಞಾನದ ದೃಷ್ಟಿಯಲ್ಲಿ ಅರ್ಥ ಸಾಲದು. ಯಾವ ಉಪಸ್ವರಗಳು ಹೆಚ್ಚಬೇಕು, ಯಾವುವು ತಗ್ಗಬೇಕು, ನಾದ ಎಷ್ಟು ಹೊತ್ತು ನಿಲ್ಲಬೇಕು ಎಂದು ಕೇಳಿಕೊಳ್ಳಬೇಕು. ಆಗ ಉಪಕರಣದ ಆಯ್ಕೆ ತಾನೇ ತಾನಾಗಿ ಸುಲಭವಾಗುತ್ತದೆ.

ನಮ್ಮ ಸೀಮೆಯ ಕಿವಿ

ನಾದವನ್ನು ಮೊದಲು ನಿಶ್ಚಯಿಸಿ ವಾದ್ಯವನ್ನು ಅದಕ್ಕೆ ಹೊಂದಿಸುವುದು ಈ ಸೀಮೆಗೆ ಹೊಸ ವಿಷಯವೇನಲ್ಲ. ಮಂಡ್ಯದ ಹಳ್ಳಿಗಳಲ್ಲಿ ಪೂಜಾಕುಣಿತಕ್ಕೆ ತಮಟೆ ಬಾರಿಸುವವರನ್ನು ನೋಡಿರಿ. ಬಾರಿಸುವ ಮುನ್ನ ಹುಲ್ಲಿನ ಬೆಂಕಿಗೆ ತಮಟೆಯನ್ನು ಹಿಡಿದು ಕಾಯಿಸುತ್ತಾರೆ. ಚರ್ಮದ ತೇವ ಆರಿ, ಬಿಗುವು ಏರಿ, ನಾದ ಚುರುಕಾಗುತ್ತದೆ. ನಡುನಡುವೆ ಬೆರಳಿನಿಂದ ತಟ್ಟಿ ಆಲಿಸಿ, ಹದ ಬಂದಿತೆಂದು ಕಿವಿ ಹೇಳಿದಾಗ ಮಾತ್ರ ಬೆಂಕಿಯಿಂದ ತೆಗೆಯುತ್ತಾರೆ. ಹೊಸ ತಮಟೆಯನ್ನು ಕೊಳ್ಳದೆ, ಇದ್ದ ತಮಟೆಯಲ್ಲಿಯೇ ಬೇಕಾದ ನಾದವನ್ನು ಹಿಡಿತಾರಿನ ಹುಲ್ಲಿನಲ್ಲಿ ಪಡೆಯುವ ವಿದ್ಯೆಯಿದು.

ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರವು ಮಂಟೇಸ್ವಾಮಿ ಪರಂಪರೆಯ ಮುಖ್ಯ ಕ್ಷೇತ್ರಗಳಲ್ಲೊಂದು. ಆ ಪರಂಪರೆಯ ನೀಲಗಾರರು ತಂಬೂರಿ, ಡಕ್ಕೆ, ಗಗ್ಗರ, ತಾಳಗಳೊಡನೆ ರಾತ್ರಿಯಿಡೀ ಕಾವ್ಯವನ್ನು ಹಾಡುತ್ತಾರೆ. ಅಲ್ಲಿ ತಂಬೂರಿಯು ಕಂಠವನ್ನು ಮುಚ್ಚುವಂತಿಲ್ಲ. ಶ್ರುತಿಯನ್ನು ಬಿಡುವಂತೆಯೂ ಇಲ್ಲ. ಹಾಡಿಗೆ ಬೇಕಾದಷ್ಟು ನಾದ, ಅದಕ್ಕೆ ಮೀರಿದುದಿಲ್ಲ: ಇದು ಗೋಷ್ಠಿಯಲ್ಲಿ ಬೇಸ್ ಗಿಟಾರು ಹಿಡಿಯುವವನು ಮೊದಲು ಕಲಿಯಬೇಕಾದ ಪಾಠ.

ಸಂಗೀತ ಕಚೇರಿಯ ತಂಬೂರಿಯಲ್ಲಿ ಇನ್ನೂ ಸೂಕ್ಷ್ಮವಾದ ಉಪಾಯವೊಂದುಂಟು. ಅಗಲವಾದ ಕುದುರೆಯ ಮೇಲೆ, ತಂತಿಯ ಕೆಳಗೆ, ಒಂದು ನೂಲಿನೆಳೆಯನ್ನು ಇಟ್ಟು ಅತ್ತಿತ್ತ ಸರಿಸುತ್ತಾರೆ. ಎಳೆಯು ತಕ್ಕ ಸ್ಥಳಕ್ಕೆ ಬಂದೊಡನೆ ಮಂಕಾಗಿದ್ದ ತಂತಿ ಝೇಂಕರಿಸತೊಡಗುತ್ತದೆ. ಈ ಎಳೆಗೆ ‘ಜೀವ’ವೆಂದೇ ಹೆಸರು. ಸಿ. ವಿ. ರಾಮನ್ನರು ೧೯೨೧ರಲ್ಲಿ ಭಾರತೀಯ ತಂತಿವಾದ್ಯಗಳನ್ನು ಕುರಿತು ಬರೆದ ಪ್ರಬಂಧದಲ್ಲಿ ಇದನ್ನು ಪರಿಶೀಲಿಸಿದರು. ಸಾಮಾನ್ಯವಾದ ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಲಾರವೆಂಬುದು ಹಿಂದಿನಿಂದ ಬಂದ ನಿಯಮ. ತಂಬೂರಿಯಲ್ಲಿಯಾದರೋ ಅಂತಹ ಉಪಸ್ವರಗಳೂ ಕೇಳಿಸುವುವೆಂದೂ, ಅದಕ್ಕೆ ಬಾಗಿದ ಕುದುರೆ ಮತ್ತು ನೂಲೆಳೆಗಳೇ ಕಾರಣವೆಂದೂ ಅವರು ತೋರಿಸಿದರು. ಒಂದು ಗೇಣು ನೂಲು ವಾದ್ಯದ ಗುಣವನ್ನೇ ಮಾರ್ಪಡಿಸುತ್ತದೆ!

ಮಳವಳ್ಳಿಯ ನೆರೆಯ ತಾಲ್ಲೂಕಾದ ತಿರುಮಕೂಡಲು ನರಸೀಪುರದ ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರ ದೃಷ್ಟಾಂತವು ಇನ್ನೂ ಸಮೀಪದ್ದು. ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ಇವರು ಕಚೇರಿ ಮಾಡತೊಡಗಿದ ಕಾಲದಲ್ಲಿ ಸಭೆಗೆ ಮೈಕು ಬಂದಿರಲಿಲ್ಲ. ಪಿಟೀಲಿನ ನಾದವು ದೊಡ್ಡ ಸಭೆಯ ಹಿಂದಿನ ಸಾಲಿನವರೆಗೆ ತುಂಬಿ ಹೋಗಬೇಕೆಂಬುದು ಅವರ ಅಪೇಕ್ಷೆ. ಅದಕ್ಕಾಗಿ ನಾಲ್ಕು ತಂತಿಯ ಪಿಟೀಲಿಗೆ ಮತ್ತೆ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದರು. ೧೯೫೭ರಲ್ಲಿ ಸಂಗೀತ ಕಲಾನಿಧಿಯಾದ ಇವರು ೧೯೬೭ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿ ಕಟ್ಟಿರುವ ಚೌಡಯ್ಯ ಸ್ಮಾರಕ ಭವನ ಅವರ ಹೆಸರನ್ನು ಹೊತ್ತಿದೆ. ವಿದ್ಯುತ್ ವಾದ್ಯಗಳ ಕಾಲಕ್ಕೆ ಬಂದರೆ, ಯು. ಶ್ರೀನಿವಾಸ್ (೧೯೬೯–೨೦೧೪) ಅವರು ಜೋಡಿತಂತಿಗಳ ಮ್ಯಾಂಡೊಲಿನ್ನಿನಲ್ಲಿ ಕರ್ನಾಟಕ ಸಂಗೀತದ ಗಮಕ ನಿಲ್ಲದೆಂದು ಕಂಡು, ಐದು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್ನನ್ನು ಹಿಡಿದರು. ಇವರಿಬ್ಬರೂ ವಾದ್ಯವನ್ನು ನೋಡಿ ನಾದವನ್ನು ಒಪ್ಪಿಕೊಂಡವರಲ್ಲ. ನಾದವನ್ನು ನೆನೆದು ವಾದ್ಯವನ್ನು ತಿದ್ದಿದವರು.

ಬೆರಳಿನಿಂದ ಸ್ಪೀಕರಿನವರೆಗೆ

ಈಗ ಗಿಟಾರಿಗೆ ಬರೋಣ. ವಿದ್ಯುತ್ ಗಿಟಾರಿನ ನಾದವು ಒಂದು ಸರಪಳಿಯಂತೆ: ಬೆರಳು, ತಂತಿ, ಪಿಕಪ್, ಕೇಬಲ್, ಆಂಪ್ಲಿಫೈಯರ್, ಸ್ಪೀಕರ್. ಪ್ರತಿಯೊಂದು ಕೊಂಡಿಯೂ ಉಪಸ್ವರಗಳನ್ನು ಹೆಚ್ಚಿಸುತ್ತದೆ, ಇಲ್ಲವೆ ತಗ್ಗಿಸುತ್ತದೆ.

ಮೊದಲನೆಯ ಕೊಂಡಿಗೆ ಬೆಲೆಯೇ ಇಲ್ಲ. ತಂತಿಯನ್ನು ನಟ್ಟನಡುವೆ ಮೀಟಿದರೆ ಎರಡನೆಯ, ನಾಲ್ಕನೆಯ, ಆರನೆಯ ಉಪಸ್ವರಗಳು ಬಹುಮಟ್ಟಿಗೆ ಅಡಗಿ ನಾದವು ದುಂಡಗಾಗುತ್ತದೆ. ಕುದುರೆಯ ಸಮೀಪದಲ್ಲಿ ಮೀಟಿದರೆ ಮೇಲಿನ ಉಪಸ್ವರಗಳು ಎದ್ದು ನಾದವು ಚೂಪಾಗುತ್ತದೆ. ಬೆರಳಿನ ಮೆತ್ತನೆಯ ತುದಿಗೂ ಪ್ಲಾಸ್ಟಿಕ್ಕಿನ ಮೀಟುಗಡ್ಡಿಗೂ ಇದೇ ಬಗೆಯ ಅಂತರವುಂಟು. ಪ್ರಸಿದ್ಧ ವಾದಕನ ನಾದವೆಂದು ನಾವು ಮೆಚ್ಚುವುದರಲ್ಲಿ ಬಹುಪಾಲು ಆತನ ಬಲಗೈಯ ಸ್ಥಾನ ಮತ್ತು ಹದ. ಇದನ್ನು ಅಂಗಡಿಯಲ್ಲಿ ಮಾರುವುದಿಲ್ಲ.

ಎರಡನೆಯದು ತಂತಿ. ಹೊಸ ತಂತಿಯಲ್ಲಿ ಮೇಲಿನ ಉಪಸ್ವರಗಳು ಸಮೃದ್ಧವಾಗಿರುತ್ತವೆ. ಬೆವರು, ಧೂಳು, ಜಿಡ್ಡು ಸುತ್ತುತಂತಿಯ ಸಂದುಗಳಲ್ಲಿ ಸೇರಿದಂತೆ ಅವು ಮೊದಲು ಸಾಯುತ್ತವೆ. “ಗಿಟಾರು ಮಂಕಾಯಿತು, ಬೇರೆಯದನ್ನು ಕೊಳ್ಳಬೇಕು” ಎನ್ನುವವರಲ್ಲಿ ಅನೇಕರಿಗೆ ಬೇಕಾಗಿರುವುದು ಹೊಸ ಗಿಟಾರಲ್ಲ, ಹೊಸ ತಂತಿ. ಇನ್ನೊಂದು ಮಾತು: ನೈಲಾನ್ ತಂತಿಯ ಗಿಟಾರಿಗೆ ಅಯಸ್ಕಾಂತದ ಪಿಕಪ್ಪನ್ನು ಜೋಡಿಸಿದರೆ ಪ್ರಯೋಜನವಿಲ್ಲ, ಅದು ಉಕ್ಕಿನ ತಂತಿಯ ಚಲನೆಯನ್ನು ಮಾತ್ರ ಗುರುತಿಸಬಲ್ಲುದು.

ಪಿಕಪ್ಪಿನ ತತ್ತ್ವ ಫ್ಯಾರಡೆಯು ೧೮೩೧ರಲ್ಲಿ ಕಂಡುಹಿಡಿದ ವಿದ್ಯುತ್ಪ್ರೇರಣೆ. ಅಯಸ್ಕಾಂತದ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಅಯಸ್ಕಾಂತ ಕ್ಷೇತ್ರವು ಏರಿಳಿದು ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಪಿಕಪ್ಪಿಗೆ ತಾನು ಇರುವ ಸ್ಥಳದಲ್ಲಿ ತಂತಿ ಎಷ್ಟು ಆಡುತ್ತಿದೆಯೆಂಬುದಷ್ಟೇ ಗೊತ್ತು. ಆದುದರಿಂದ ಕುದುರೆಯ ಬಳಿಯ ಪಿಕಪ್ ಚೂಪಾದ ನಾದವನ್ನೂ, ಕತ್ತಿನ ಬಳಿಯದು ತುಂಬಿದ ನಾದವನ್ನೂ ಕೊಡುತ್ತದೆ. ಗಟ್ಟಿಮರದ ವಿದ್ಯುತ್ ಗಿಟಾರಿನಲ್ಲಿ ಮರದ ಜಾತಿಯ ಬಗ್ಗೆ ಮಾಡುವ ದೊಡ್ಡ ವರ್ಣನೆಗಳನ್ನು ನಾವು ಎಚ್ಚರಿಕೆಯಿಂದ ಕೇಳಬೇಕು. ಪೊಳ್ಳು ಒಡಲಿನ ಸಾದಾ ಗಿಟಾರಿನಲ್ಲಿ ಮರದ ಹಲಗೆಯೇ ಗಾಳಿಯನ್ನು ಅಲುಗಿಸುವುದರಿಂದ ಅಲ್ಲಿ ಮರವು ಮುಖ್ಯ. ವಿದ್ಯುತ್ ಗಿಟಾರಿನಲ್ಲಿಯಾದರೋ ಮರವು ತಂತಿಯ ಕಂಪನವನ್ನು ಕೊಂಚ ಹೀರಿಕೊಳ್ಳುವ ಮೂಲಕ ಮಾತ್ರ ಪ್ರಭಾವ ಬೀರಬಲ್ಲುದು. ಪಿಕಪ್ಪಿನ ಸ್ಥಾನ ಮತ್ತು ಎತ್ತರಗಳ ಮುಂದೆ ಅದು ಚಿಕ್ಕದು.

ಇಲ್ಲಿಯೇ ‘ಗುಂಯ್’ ಎಂಬ ಮೊರೆತದ ಸಮಸ್ಯೆ ಬರುತ್ತದೆ. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದುಹೋದ ವಿದ್ಯುತ್ತಿನಿಂದಾಗಿ ಮಳವಳ್ಳಿ ಸೀಮೆಗೂ ವಿದ್ಯುಚ್ಛಕ್ತಿಗೂ ಇರುವ ನಂಟು ಹಳೆಯದು. ಇಂದು ನಮ್ಮ ಮನೆಗಳಿಗೆ ಬರುವ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳದು. ಅದರ ಸುತ್ತಲಿನ ಅಯಸ್ಕಾಂತ ಕ್ಷೇತ್ರವನ್ನು ಒಂಟಿ ಸುರುಳಿಯ ಪಿಕಪ್ ಹಿಡಿದುಬಿಡುತ್ತದೆ. ಬೇಸ್ ಗಿಟಾರಿನ ಅತ್ಯಂತ ದಪ್ಪ ತಂತಿಯನ್ನು ಮೂರನೆಯ ಮೆಟ್ಟಿಲಿನಲ್ಲಿ ಒತ್ತಿ ನುಡಿಸಿದರೆ ಸೆಕೆಂಡಿಗೆ ೪೯ ಕಂಪನಗಳ ಸ್ವರ ಹೊರಡುತ್ತದೆ. ಮೊರೆತವು ಅದಕ್ಕೆ ತೀರ ಹತ್ತಿರವಾದುದರಿಂದ ಗೋಷ್ಠಿಯ ಶ್ರುತಿಗೇ ಅಡ್ಡಿ. ೧೯೫೫ರಲ್ಲಿ ಅಮೆರಿಕದ ಗಿಬ್ಸನ್ ಕಂಪನಿಯ ಸೆತ್ ಲವರ್ ಎಂಬ ಇಂಜಿನಿಯರನು ಇದಕ್ಕೆ ಸೊಗಸಾದ ಪರಿಹಾರವನ್ನು ರೂಪಿಸಿದನು. ಎರಡು ಸುರುಳಿಗಳನ್ನು ವಿರುದ್ಧ ದಿಕ್ಕುಗಳಲ್ಲಿ ಜೋಡಿಸಿ, ಅವುಗಳ ಅಯಸ್ಕಾಂತಗಳ ಧ್ರುವಗಳನ್ನೂ ಅದಲುಬದಲು ಮಾಡಿದರೆ, ಹೊರಗಿನ ಮೊರೆತವು ಒಂದರಲ್ಲಿ ಧನವಾಗಿಯೂ ಇನ್ನೊಂದರಲ್ಲಿ ಋಣವಾಗಿಯೂ ಬಂದು ಕಳೆದುಹೋಗುತ್ತದೆ. ತಂತಿಯ ನಾದವು ಮಾತ್ರ ಕೂಡಿಕೊಳ್ಳುತ್ತದೆ. ಪೆಂಡಾಲಿನ ದೀಪಗಳು, ಟ್ರಾನ್ಸ್‌ಫಾರ್ಮರುಗಳ ನಡುವೆ ನುಡಿಸುವವರಿಗೆ ಈ ಜೋಡಿ ಸುರುಳಿಯ ಪಿಕಪ್ ಉಪಯುಕ್ತ. ಮೊರೆತವನ್ನು ನಿಲ್ಲಿಸಲೆಂದು ಪ್ಲಗ್ಗಿನ ಅರ್ತ್ ಪಿನ್ನನ್ನು ತೆಗೆದುಹಾಕುವ ಪದ್ಧತಿಯನ್ನಂತೂ ಎಂದಿಗೂ ಅನುಸರಿಸಬಾರದು. ಗಿಟಾರಿನ ತಂತಿಯನ್ನು ಹಿಡಿದ ಕೈ, ಮೈಕಿಗೆ ತಾಗುವ ತುಟಿ ಇವೆರಡರ ನಡುವೆ ವಿದ್ಯುತ್ತು ಹರಿದರೆ ಪ್ರಾಣಕ್ಕೇ ಅಪಾಯ.

ಕೇಬಲ್ ಕೂಡ ನಿರಪರಾಧಿಯಲ್ಲ. ಅದಕ್ಕೆ ಸ್ವಲ್ಪ ವಿದ್ಯುತ್ ಧಾರಣಶಕ್ತಿಯುಂಟು. ಉದ್ದ ಹೆಚ್ಚಿದಷ್ಟೂ ಅದು ಹೆಚ್ಚಿ ಮೇಲಿನ ಉಪಸ್ವರಗಳನ್ನು ನುಂಗುತ್ತದೆ. ಹತ್ತಡಿ ಸಾಕಾದಲ್ಲಿ ಮೂವತ್ತಡಿಯನ್ನು ಎಳೆಯಬೇಕಾಗಿಲ್ಲ.

ಆಂಪ್ಲಿಫೈಯರ್ ಮತ್ತು ಸ್ಪೀಕರುಗಳೇ ನಾದದ ಅರ್ಧವೆಂದರೆ ತಪ್ಪಾಗಲಾರದು. ಆಂಪ್ಲಿಫೈಯರಿಗೆ ಅದರ ಶಕ್ತಿ ಮೀರಿ ಸಂಕೇತವನ್ನು ಕೊಟ್ಟರೆ ಅಲೆಯ ತುದಿ ಚಪ್ಪಟೆಯಾಗಿ, ತಂತಿಯಲ್ಲಿ ಅಷ್ಟು ಬಲವಾಗಿ ಇರದಿದ್ದ ಉಪಸ್ವರಗಳು ಹೊಸದಾಗಿ ಹುಟ್ಟುತ್ತವೆ. ರಾಕ್ ಸಂಗೀತದ ಒರಟು ನಾದಕ್ಕೆ ಇದೇ ಮೂಲ. ೧೯೬೧ರಲ್ಲಿ ಹೊರಬಂದ ಅಮೆರಿಕದ ಧ್ವನಿಮುದ್ರಿಕೆಯೊಂದರಲ್ಲಿ ಉಪಕರಣವು ಕೆಟ್ಟುದರಿಂದ ಬೇಸ್ ಗಿಟಾರಿನ ನಾದ ಗೊರಗೊರನೆ ಬಂದಿತು. ಅದು ಜನರಿಗೆ ಹಿಡಿಸಿ, ೧೯೬೨ರಲ್ಲಿ ಅಂತಹ ನಾದವನ್ನೇ ಕೊಡುವ ‘ಫಜ್’ ಪೆಡಲ್ ಮಾರುಕಟ್ಟೆಗೆ ಬಂದಿತು. ಕೊರತೆಯೇ ಗುಣವಾಯಿತು!

ಆದರೆ ಈ ಒರಟು ನಾದಕ್ಕೆ ಒಂದು ಗುಟ್ಟುಂಟು. ಗಿಟಾರಿನ ೧೨ ಅಂಗುಲದ ಸ್ಪೀಕರ್ ಸುಮಾರು ೫೦೦೦ ಕಂಪನಗಳ ಮೇಲಿನ ಸ್ವರಗಳನ್ನು ಬಲು ದುರ್ಬಲವಾಗಿ ಹೊರಡಿಸುತ್ತದೆ. ಕರ್ಕಶವಾದ ಭಾಗವೆಲ್ಲ ಅಲ್ಲಿಯೇ ಸೋಸಿಹೋಗುತ್ತದೆ. ನಮ್ಮ ಪೆಂಡಾಲುಗಳಲ್ಲಿ ಪೆಡಲಿನ ಕೇಬಲನ್ನು ನೇರವಾಗಿ ಸೌಂಡ್ ಸಿಸ್ಟಮ್ಮಿನ ಮಿಕ್ಸರಿಗೆ ಚುಚ್ಚುವುದುಂಟು. ಆ ದೊಡ್ಡ ಪೆಟ್ಟಿಗೆಗಳು ಗಾಯನಕ್ಕಾಗಿ ಮಾಡಿದುವು, ಎಲ್ಲ ಸ್ವರಗಳನ್ನೂ ಹೊರಡಿಸುತ್ತವೆ. ಆಗ ಗಿಟಾರು ಜೇನ್ನೊಣಗಳನ್ನು ಡಬ್ಬಿಯಲ್ಲಿ ಮುಚ್ಚಿದಂತೆ ಕೇಳಿಸುತ್ತದೆ. ವಾದಕನು ಗಿಟಾರನ್ನು ದೂಷಿಸಿ ಇನ್ನೊಂದನ್ನು ಕೊಳ್ಳಲು ಹೊರಡುತ್ತಾನೆ. ಮಾಡಬೇಕಾದುದು ಬೇರೆಯೇ: ಗಿಟಾರಿನದೇ ಆದ ಚಿಕ್ಕ ಆಂಪ್ಲಿಫೈಯರಿನ ಮುಂದೆ ಮೈಕನ್ನು ಇಡುವುದು, ಅಥವಾ ಗಿಟಾರ್ ಸ್ಪೀಕರಿನ ಗುಣವನ್ನು ಅನುಕರಿಸುವ ಸಾಧನವನ್ನು ನಡುವೆ ಸೇರಿಸುವುದು.

ಬೇಸ್ ಗಿಟಾರಿನ ಲೆಕ್ಕ

ಬೇಸ್ ಗಿಟಾರಿನ ನಾಲ್ಕು ತಂತಿಗಳು ಗಿಟಾರಿನ ಕೆಳಗಿನ ನಾಲ್ಕು ತಂತಿಗಳಿಗಿಂತ ಒಂದು ಸ್ಥಾಯಿ ಕೆಳಗೆ ನುಡಿಯುತ್ತವೆ. ಗಿಟಾರಿನ ಆರನೆಯ ತಂತಿ ಸೆಕೆಂಡಿಗೆ ೮೨.೪ ಸಾರಿ ಕಂಪಿಸಿದರೆ, ಬೇಸಿನ ದಪ್ಪ ತಂತಿ ೪೧.೨ ಸಾರಿ. ಸೋನೋಮೀಟರ್ ಪ್ರಯೋಗ ಮಾಡಿದವರಿಗೆ ಇದರ ಲೆಕ್ಕ ಗೊತ್ತು. ಕಂಪನಸಂಖ್ಯೆಯು ತಂತಿಯ ಉದ್ದಕ್ಕೆ ವಿಲೋಮವಾಗಿಯೂ, ಬಿಗುವಿನ ವರ್ಗಮೂಲಕ್ಕೆ ಅನುಲೋಮವಾಗಿಯೂ, ಏಕಮಾನ ಉದ್ದದ ತೂಕದ ವರ್ಗಮೂಲಕ್ಕೆ ವಿಲೋಮವಾಗಿಯೂ ಇರುತ್ತದೆ. ಉದ್ದವನ್ನೂ ಬಿಗುವನ್ನೂ ಹಾಗೆಯೇ ಇಟ್ಟು ಸ್ವರವನ್ನು ಅರ್ಧಕ್ಕೆ ಇಳಿಸಬೇಕಾದರೆ ತಂತಿಯ ತೂಕ ನಾಲ್ಕು ಮಡಿಯಾಗಬೇಕು. ೧೯೫೧ರಲ್ಲಿ ಬಂದ ಫೆಂಡರ್ ಬೇಸ್ ಗಿಟಾರಿನ ತಂತಿಯ ಉದ್ದ ೩೪ ಅಂಗುಲ; ಅದೇ ಕಂಪನಿಯ ಗಿಟಾರಿನದು ೨೫.೫ ಅಂಗುಲ. ಈ ಪ್ರಮಾಣ ಸರಿಯಾಗಿ ನಾಲ್ಕಕ್ಕೆ ಮೂರು. ಅದೇ ಬಿಗುವಿನಲ್ಲಿ ಈಗ ತೂಕವು ೨.೨೫ ಮಡಿಯಾದರೆ ಸಾಕು. ಬೇಸಿನ ಕತ್ತು ನೀಳವಾಗಿರುವುದು ಅಲಂಕಾರಕ್ಕಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಇಷ್ಟು ಕೆಳಗಿನ ಸ್ವರಗಳಿಗೆ ನಮ್ಮ ಕಿವಿಯ ಸಂವೇದನೆ ಕಡಿಮೆ. ಆದುದರಿಂದ ಬೇಸಿಗೆ ದೊಡ್ಡ ಸ್ಪೀಕರೂ ಹೆಚ್ಚು ವ್ಯಾಟ್‌ಗಳೂ ಬೇಕಾಗುತ್ತವೆ. ಗಿಟಾರಿನ ಚಿಕ್ಕ ಆಂಪ್ಲಿಫೈಯರಿಗೆ ಬೇಸನ್ನು ಸಿಕ್ಕಿಸಿ ಗಟ್ಟಿಯಾಗಿ ನುಡಿಸಿದರೆ ಸ್ಪೀಕರಿನ ಕಾಗದದ ಶಂಕು ಹರಿಯುವ ಸಂಭವವುಂಟು. ವ್ಯಾಟ್‌ಗಳ ವಿಷಯದಲ್ಲಿಯೂ ಮೋಸಹೋಗಬಾರದು: ೨೦ ವ್ಯಾಟ್‌ನ ಬದಲು ೪೦ ವ್ಯಾಟ್ ಕೊಂಡರೆ ಹೆಚ್ಚುವುದು ಸುಮಾರು ೩ ಡೆಸಿಬಲ್ ಮಾತ್ರ. ಕಿವಿಗೆ ಎರಡರಷ್ಟು ಗಟ್ಟಿಯೆನಿಸಬೇಕಾದರೆ ಸುಮಾರು ಹತ್ತು ಮಡಿ ವ್ಯಾಟ್ ಬೇಕು.

ಪ್ರಕೃತಿಯು ಇಲ್ಲಿಯೂ ಒಂದು ಸಹಾಯವನ್ನು ಮಾಡಿದೆ. ಚಿಕ್ಕ ಸ್ಪೀಕರ್ ೪೧.೨ರ ಮೂಲಸ್ವರವನ್ನು ಹೊರಡಿಸಲಾರದೆ ಹೋದರೂ, ೮೨.೪, ೧೨೩.೬, ೧೬೪.೮ರ ಉಪಸ್ವರಗಳನ್ನು ಹೊರಡಿಸಿದರೆ ಮಿದುಳು ಅವುಗಳ ನಡುವಣ ಅಂತರವನ್ನು ಗ್ರಹಿಸಿ ಇಲ್ಲದ ಮೂಲಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ. ಮನೆಯಲ್ಲಿ ಅಭ್ಯಾಸ ಮಾಡುವವನಿಗೆ ಬೃಹತ್ತಾದ ಪೆಟ್ಟಿಗೆ ಬೇಕಾಗಿಲ್ಲ. ಗೋಷ್ಠಿಯಲ್ಲಿ ಬೇಸ್ ಕೇಳಿಸದೆ ಹೋದಾಗಲೂ ಕೆಳಸ್ವರವನ್ನು ಏರಿಸುವ ಬದಲು ನಡುವಿನ ಉಪಸ್ವರಗಳನ್ನು ಕೊಂಚ ಏರಿಸಿ ನೋಡುವುದು ಲೇಸು.

ಹಣ ಮತ್ತು ಕಿವಿ

ಇಷ್ಟು ವಿಸ್ತಾರವಾಗಿ ಹೇಳಲು ಕಾರಣವಿದೆ. ನಮ್ಮ ಜಿಲ್ಲೆಯ ಬಹುಮಂದಿ ವಿದ್ಯಾರ್ಥಿಗಳು ಕಬ್ಬು, ಬತ್ತ, ರೇಷ್ಮೆ, ಹಾಲುಗಳಿಂದ ಜೀವಿಸುವ ಮನೆಗಳಿಂದ ಬಂದವರು. ಹೆಸರಾಂತ ವಿದೇಶೀ ಗಿಟಾರಿನ ಬೆಲೆ ಅಂತಹ ಮನೆಗೆ ಒಂದು ಬೆಳೆಯ ಮಾತಾಗಬಹುದು. ಸಾಲಮಾಡಿ ತಂದ ವಾದ್ಯವು ನೆನೆದ ನಾದವನ್ನು ಕೊಡದೆ ಹೋದಾಗ ತರುಣನು ತನಗೆ ಸಂಗೀತವೇ ಬಾರದೆಂದು ತಿಳಿದು ಕೈಬಿಡುತ್ತಾನೆ. ತಂದೆತಾಯಿಯರು ಸಂಗೀತವೆಂದರೆ ದುಂದು ಎಂದು ನಿಶ್ಚಯಿಸುತ್ತಾರೆ. ಹೋದದ್ದು ಹಣವೊಂದೇ ಅಲ್ಲ, ಒಂದು ವಿದ್ಯೆ.

“ಒಳ್ಳೆಯ ವಾದ್ಯವಿಲ್ಲದೆ ಒಳ್ಳೆಯ ನಾದ ಹೇಗೆ ಬಂದೀತು?” ಎಂದು ಕೆಲವರು ಆಕ್ಷೇಪಿಸಬಹುದು. ಈ ಮಾತಿನಲ್ಲಿ ಸತ್ಯಾಂಶವುಂಟು. ಬಿರಡೆಗಳು ಶ್ರುತಿಯನ್ನು ಹಿಡಿಯದಿದ್ದರೆ, ಕತ್ತು ಬಾಗಿದ್ದರೆ, ಮೆಟ್ಟಿಲುಗಳು ಸ್ಥಾನ ತಪ್ಪಿದ್ದರೆ ಅಂತಹ ವಾದ್ಯ ಪುಕ್ಕಟೆ ಸಿಕ್ಕಿದರೂ ಬೇಡ. ಅಂಗಡಿಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದುಂಟು. ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿಯನ್ನು ಹಗುರವಾಗಿ ಮುಟ್ಟಿ ಮೀಟಿದರೆ ಎರಡನೆಯ ಉಪಸ್ವರ ಕೇಳಿಸುತ್ತದೆ. ಅಲ್ಲಿಯೇ ಒತ್ತಿ ಮೀಟಿದರೆ ಅದೇ ಸ್ವರ ಬರಬೇಕು. ಎರಡಕ್ಕೂ ಭೇದವಿದ್ದರೆ ಕುದುರೆಯನ್ನು ಸರಿಪಡಿಸಬೇಕು. ಸರಿಪಡಿಸಲಾಗದಿದ್ದರೆ ಆ ವಾದ್ಯವನ್ನು ಬಿಡಬೇಕು. ಈ ಮಟ್ಟವನ್ನು ಮುಟ್ಟಿದ ಸಾಧಾರಣ ಬೆಲೆಯ ವಾದ್ಯದಿಂದ ಮುಂದಕ್ಕೆ, ಹೆಚ್ಚಿನ ಹಣಕ್ಕೆ ತಕ್ಕಷ್ಟು ನಾದ ಹೆಚ್ಚುವುದಿಲ್ಲವೆಂಬುದು ನಮ್ಮ ವಾದ.

ವೆಚ್ಚದ ಕ್ರಮವನ್ನು ನಾವು ಹೀಗೆ ಸೂಚಿಸುತ್ತೇವೆ. ಮೊದಲು ಹೊಸ ತಂತಿ ಮತ್ತು ವಾದ್ಯದ ಹೊಂದಾಣಿಕೆ. ಎರಡನೆಯದು ಆ ನಾದಕ್ಕೆ ತಕ್ಕ ಸ್ಪೀಕರುಳ್ಳ ಆಂಪ್ಲಿಫೈಯರ್. ಮೂರನೆಯದು ಅವಶ್ಯವೆನಿಸಿದರೆ ಪಿಕಪ್. ಎಲ್ಲಕ್ಕೂ ಕಡೆಯದು ಪೆಡಲುಗಳು. ಅಂಗಡಿಯವರ ಗಾಜಿನ ಬೀರುವಿನಲ್ಲಿ ಈ ಕ್ರಮ ತಲೆಕೆಳಗಾಗಿರುತ್ತದೆಂಬುದನ್ನು ಗಮನಿಸಬೇಕು.

ಇನ್ನು ಕಿವಿಯ ಮಾತು. ನಾದಗುಣದ ಕೊರತೆಯನ್ನು ಗಟ್ಟಿತನದಿಂದ ತುಂಬಲು ಯತ್ನಿಸುವುದು ನಮ್ಮ ಗೋಷ್ಠಿಗಳ ದೊಡ್ಡ ದೋಷ. ೮೫ ಡೆಸಿಬಲ್ ಸದ್ದನ್ನು ದಿನಕ್ಕೆ ೮ ಗಂಟೆಗಿಂತ ಹೆಚ್ಚು ಕೇಳಬಾರದೆಂದೂ, ಪ್ರತಿ ೩ ಡೆಸಿಬಲ್ ಏರಿದಂತೆ ಈ ಅವಧಿಯನ್ನು ಅರ್ಧಕ್ಕಿಳಿಸಬೇಕೆಂದೂ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಸಲಹೆ ಕೊಟ್ಟಿದೆ. ಆ ಲೆಕ್ಕದಂತೆ ೧೦೦ ಡೆಸಿಬಲ್ ಸದ್ದಿಗೆ ೧೫ ನಿಮಿಷವೇ ಮಿತಿ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಬೆಳೆಯುವುದಿಲ್ಲ. ಮೊದಲು ನಷ್ಟವಾಗುವುದು ಮೇಲಿನ ಸ್ವರಗಳ ಗ್ರಹಣಶಕ್ತಿ, ಎಂದರೆ ನಾದಗುಣವನ್ನು ಗುರುತಿಸುವ ಶಕ್ತಿಯೇ. ನಾದವನ್ನು ಅರಸುತ್ತ ಹೋಗಿ ನಾದವನ್ನು ತಿಳಿಯುವ ಕಿವಿಯನ್ನೇ ಕಳೆದುಕೊಳ್ಳುವುದು ಎಂತಹ ವಿಪರ್ಯಾಸ! ರಾತ್ರಿ ೧೦ ಗಂಟೆಯಿಂದ ಬೆಳಗಿನ ೬ ಗಂಟೆಯವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸುವ ೨೦೦೦ದ ಶಬ್ದಮಾಲಿನ್ಯ ನಿಯಮಗಳು 
ನೆರೆಹೊರೆಯ ನಿದ್ದೆಯೊಡನೆ ವಾದಕರ ಕಿವಿಯನ್ನೂ ಕಾಯುತ್ತವೆ.

ಕಾಲೇಜುಗಳು ಮಾಡಬಹುದಾದುದು

ನಮ್ಮ ಊರುಗಳ ಕಾಲೇಜುಗಳಿಗೆ ಒಂದು ಸಲಹೆ. ಭೌತವಿಜ್ಞಾನದ ಪ್ರಯೋಗಶಾಲೆಯೂ ಸಾಂಸ್ಕೃತಿಕ ಸಂಘವೂ ಒಂದೇ ಕಟ್ಟಡದಲ್ಲಿದ್ದು ಒಂದನ್ನೊಂದು ಅರಿಯದೆ ಇರಬೇಕಾಗಿಲ್ಲ. ಕಾಲೇಜು ಒಂದು ಗಿಟಾರನ್ನೂ ಒಂದು ಬೇಸನ್ನೂ ಎರಡು ಬಗೆಯ ಆಂಪ್ಲಿಫೈಯರುಗಳನ್ನೂ ಹೊಂದಿ, ವಿದ್ಯಾರ್ಥಿಗಳು ಕೊಳ್ಳುವ ಮೊದಲು ನುಡಿಸಿ ಕೇಳಲು ಅವಕಾಶ ಕೊಟ್ಟರೆ ಎಷ್ಟೋ ಮನೆಗಳ ಹಣ ಉಳಿದೀತು. ಸ್ವರದಲ್ಲಿರುವ ಉಪಸ್ವರಗಳನ್ನು ಚಿತ್ರಿಸಿ ತೋರಿಸುವ ಆ್ಯಪ್‌ಗಳು ಈಗ ಮೊಬೈಲ್ ಫೋನಿನಲ್ಲಿಯೇ ದೊರೆಯುತ್ತವೆ. ಒಂದೇ ತಂತಿಯನ್ನು ನಡುವೆಯೂ ಕುದುರೆಯ ಬಳಿಯೂ ಮೀಟಿ ಆ ಚಿತ್ರಗಳನ್ನು ಹೋಲಿಸಿ ನೋಡಲಿ. ಅದೇ ಬಗೆಯಾಗಿ ಕಾಯಿಸಿದ ತಮಟೆಯನ್ನೂ ಕಾಯಿಸದ ತಮಟೆಯನ್ನೂ, ಜೀವವಿಟ್ಟ ತಂಬೂರಿಯನ್ನೂ ಜೀವ ತೆಗೆದ ತಂಬೂರಿಯನ್ನೂ ಹೋಲಿಸಲಿ. ತಮಟೆಯ ಕಲಾವಿದರನ್ನೂ ನೀಲಗಾರರನ್ನೂ ಆ ದಿನ ಅತಿಥಿಗಳಾಗಿ ಅಲ್ಲ, ಉಪಾಧ್ಯಾಯರಾಗಿ ಕರೆಯಬೇಕು. ನಾದದ ಹದವನ್ನು ಕಿವಿಯಿಂದ ತಿಳಿದವರು ಅವರು. ಅದರ ಕಾರಣವನ್ನು ಅಂಕಿಗಳಲ್ಲಿ ಹೇಳಬಲ್ಲವರು ವಿದ್ಯಾರ್ಥಿಗಳು. ಇಬ್ಬರಿಗೂ ಒಬ್ಬರಿಂದೊಬ್ಬರಿಗೆ ಲಾಭವುಂಟು.

ಗಿಟಾರು ಹೊರಗಿನಿಂದ ಬಂದ ವಾದ್ಯವೆಂದು ಮೂಗುಮುರಿಯುವವರಿಗೂ ನಮ್ಮ ಉತ್ತರ ಇದರಲ್ಲಿಯೇ ಇದೆ. ಪಿಟೀಲೂ ಹೊರಗಿನಿಂದಲೇ ಬಂದಿತು. ಅದನ್ನು ನಮ್ಮದಾಗಿಸಿದುದು ನಮ್ಮ ನೆರೆಯೂರಿನವರ ಕಿವಿ. ಗಿಟಾರು ಹಿಡಿದ ತರುಣರು ಆ ಕಿವಿಯನ್ನು ಬೆಳೆಸಿಕೊಳ್ಳಲಿ. ಮುಂದಿನ ಸಾರಿ ಅಂಗಡಿಯ ಬಾಗಿಲಲ್ಲಿ ನಿಂತಾಗ “ಯಾವ ಕಂಪನಿಯದು?” ಎಂದು ಕೇಳುವ ಮುನ್ನ, “ನನಗೆ ಬೇಕಾದ ನಾದ ಯಾವುದು? ಅದು ಎಲ್ಲಿ ಹುಟ್ಟುತ್ತದೆ?” ಎಂದು ತಮ್ಮನ್ನೇ ಕೇಳಿಕೊಳ್ಳಲಿ. ಆ ಪ್ರಶ್ನೆಗೆ ಉತ್ತರ ಬಲ್ಲವನಿಗೆ ಸಾಧಾರಣವಾದ ಗಿಟಾರೂ ಸಾಕು. ಬಾರದವನಿಗೆ ಅಂಗಡಿಯೇ ಸಾಲದು.